ಎಂಜಿನ್ ಮನೆಗೊಂದು ಶಾಖದ ತಡೆ

ಬೇಸಗೆಯ ದಿನ ಐವತ್ತು ಮೈಲಿ ಸರಾಗವಾಗಿ ಓಡಿದ ಹಳೆಯ ಕ್ರೀಡಾ ಕಾರೊಂದನ್ನು ಹೊಟೇಲಿನ ಮುಂದೆ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಚಾಲೂ ಮಾಡಹೋದರೆ, ಅದು ನಾಲ್ಕಾರು ಸಲ ಕೆಮ್ಮಿ ಸುಮ್ಮನಾಗುವುದುಂಟು. ಪೆಟ್ರೋಲು ಇದೆ, ಬ್ಯಾಟರಿ ಸರಿಯಾಗಿದೆ, ಕಿಡಿಯೂ ಬರುತ್ತಿದೆ. ಅರ್ಧ ಗಂಟೆ ಅದರ ಪಾಡಿಗೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಓಡುವಾಗ ಇಲ್ಲದ ಕಾಯಿಲೆ ನಿಂತಾಗ ಬರುವುದೇಕೆ? ಎಂಜಿನ್ ಅತಿ ಹೆಚ್ಚು ದುಡಿಯುತ್ತಿದ್ದಾಗ ತಾಳಿಕೊಂಡ ಯಂತ್ರ, ದುಡಿಮೆ ನಿಂತ ಮೇಲೆ ಮುಷ್ಕರ ಹೂಡುವುದು ಸೋಜಿಗವಲ್ಲವೆ?

ಈ ಸೋಜಿಗವನ್ನು ಬಿಡಿಸಲು ನಿರ್ದಿಷ್ಟವಾದ ಒಂದು ಕಾರನ್ನೇ ತೆಗೆದುಕೊಳ್ಳುವುದು ಲೇಸು. ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ಎಂ.ಜಿ.ಬಿ. ಎಂಬ ಎರಡು ಆಸನಗಳ ಕಾರು ತಯಾರಾಗುತ್ತಿತ್ತು. ಅದರ ವಿವಿಧ ರೂಪಗಳೆಲ್ಲ ಸೇರಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಬಹುಪಾಲು ಅಮೆರಿಕಕ್ಕೆ ಹೋದವು. ಬೆಲೆ ಕಡಿಮೆ, ರಚನೆ ಸರಳ, ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ. ಆದುದರಿಂದ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯ ದೇಶಗಳಲ್ಲಿ ಸಾವಿರಾರು ಮಂದಿ ಈ ಕಾರನ್ನು ತಮ್ಮ ಮನೆಯ ಷೆಡ್ಡಿನಲ್ಲಿಯೇ ಬಿಚ್ಚಿ, ತಿದ್ದಿ, ಮತ್ತೆ ಜೋಡಿಸುತ್ತಾರೆ. ಹಾಗೆ ಮಾಡುವವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸುವ ಕೆಲಸವೇ ಎಂಜಿನ್ ಕೋಣೆಗೆ ಶಾಖದ ತಡೆ ಒದಗಿಸುವುದು.

ಈ ಕಾರಿನ 1798 ಘನ ಸೆಂಟಿಮೀಟರಿನ ಎಂಜಿನ್ನು ನಮಗೆ ಅಪರಿಚಿತವೇನಲ್ಲ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಶ್ರೇಣಿಗೆ ಸೇರಿದ ಎಂಜಿನ್ನಿದು. ಅದೇ ಶ್ರೇಣಿಯ 1489 ಘನ ಸೆಂಟಿಮೀಟರಿನ ತಮ್ಮ ನಮ್ಮ ದೇಶದ ಅಂಬಾಸಡರ್ ಕಾರನ್ನು ದಶಕಗಳ ಕಾಲ ಎಳೆದಿದ್ದಾನೆ. ಘಾಟಿ ಹತ್ತುವಾಗ ಅಂಬಾಸಡರಿನ ಚಾಲಕರು ದಾರಿಯಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದನ್ನು ಹಿರಿಯರು ಕಂಡಿರಬಹುದು. ಆ ಬಟ್ಟೆಯ ಒಂದೊಂದು ಗ್ರಾಂ ನೀರೂ ಆವಿಯಾಗಿ ಹೋಗುವಾಗ ಸುಮಾರು 2,400 ಜೂಲ್ ಶಾಖವನ್ನು ಪಂಪಿನಿಂದ ಕಸಿದುಕೊಂಡು ಹೋಗುತ್ತಿತ್ತು. ಉಷ್ಣಶಾಸ್ತ್ರವನ್ನು ಓದದ ಚಾಲಕನ ಈ ಚಿಕಿತ್ಸೆಯಲ್ಲಿ ತಪ್ಪು ಹುಡುಕಲು ಯಾವ ಪ್ರಾಧ್ಯಾಪಕನಿಗೂ ಸಾಧ್ಯವಿಲ್ಲ.

ಎಂ.ಜಿ.ಬಿ.ಯಲ್ಲಿ ಪೆಟ್ರೋಲ್ ಪಂಪು ವಿದ್ಯುತ್ತಿನದು. ಕಾರಿನ ಹಿಂಭಾಗದಲ್ಲಿ ತಂಪಾದ ಜಾಗದಲ್ಲಿದೆ. ಅದರ ತೊಂದರೆ ಬೇರೆಡೆ. ಎಂಜಿನ್ನಿಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಉಣಿಸುವ ಕಾರ್ಬ್ಯುರೇಟರುಗಳೂ, ಉರಿದ ಅನಿಲವನ್ನು ಹೊರದೂಡುವ ಎರಕದ ಕಬ್ಬಿಣದ ಕವಲುಕೊಳವೆಯೂ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ. ಅಡಿಗೆಯ ಒಲೆಯ ಮಗ್ಗುಲಲ್ಲೇ ಸೀಮೆಎಣ್ಣೆಯ ಡಬ್ಬವಿಟ್ಟಂತೆ! ಓಡುವಾಗ ಮುಂದಿನಿಂದ ನುಗ್ಗುವ ಗಾಳಿ ಈ ಶಾಖವನ್ನು ಹೊತ್ತೊಯ್ಯುತ್ತದೆ. ಟ್ಯಾಂಕಿನಿಂದ ಹೊಸದಾಗಿ ಬರುವ ಪೆಟ್ರೋಲೂ ಕಾರ್ಬ್ಯುರೇಟರನ್ನು ತಂಪಾಗಿಡುತ್ತದೆ. ನಿಲ್ಲಿಸಿದೊಡನೆ ಗಾಳಿ ನಿಲ್ಲುತ್ತದೆ, ನೀರಿನ ಪಂಪು ನಿಲ್ಲುತ್ತದೆ, ಪೆಟ್ರೋಲಿನ ಹರಿವೂ ನಿಲ್ಲುತ್ತದೆ. ಕಬ್ಬಿಣದ ಶಾಖ ಮಾತ್ರ ನಿಲ್ಲುವುದಿಲ್ಲ. ಮುಂದಿನ ಕಾಲು ಗಂಟೆ ಎಂಜಿನ್ ಕೋಣೆಯ ಉಷ್ಣತೆ ಇಳಿಯುವ ಬದಲು ಏರುತ್ತದೆ. ಪೆಟ್ರೋಲು ಒಂದೇ ವಸ್ತುವಲ್ಲ, ಹಲವು ದ್ರವಗಳ ಬೆರಕೆ. ಅದರ ಅತಿ ಹಗುರವಾದ ಅಂಶಗಳು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯತೊಡಗುತ್ತವೆ. ಕಾರ್ಬ್ಯುರೇಟರಿನ ಪುಟ್ಟ ಬಟ್ಟಲಿನಲ್ಲಿ ಉಳಿದ ಪೆಟ್ರೋಲು ಕುದಿದು, ಒಂದಷ್ಟು ಉಕ್ಕಿ ಎಂಜಿನ್ನಿನೊಳಕ್ಕೆ ಹರಿದು, ಕೊಳವೆಯಲ್ಲಿ ಆವಿಯ ಗುಳ್ಳೆಗಳು ತುಂಬಿ, ಚಾಲಕನು ಕೀಲಿ ತಿರುಗಿಸುವ ಹೊತ್ತಿಗೆ ಎಲ್ಲ ಅಸ್ತವ್ಯಸ್ತವಾಗಿರುತ್ತದೆ.

ಇತ್ತೀಚೆಗೆ ಈ ತೊಂದರೆ ಕೊಂಚ ಹೆಚ್ಚಿದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಧಾರಣ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಹಾಗಿದ್ದರೆ ಅದನ್ನು ಸೇರಿಸಿದಾಗ ಪೆಟ್ರೋಲು ತಡವಾಗಿ ಕುದಿಯಬೇಕಲ್ಲವೆ ಎಂದು ಕೇಳಬಹುದು. ನಡೆಯುವುದು ಇದಕ್ಕೆ ವಿರುದ್ಧ. ಪೆಟ್ರೋಲಿನ ಹಗುರವಾದ ಅಂಶಗಳೊಡನೆ ಸೇರಿದ ಎಥನಾಲ್ ಅವುಗಳ ಆವಿಯ ಒತ್ತಡವನ್ನು ಏರಿಸುತ್ತದೆ. ಬೆರಕೆ ಇನ್ನೂ ಬೇಗ ಆವಿಯಾಗುತ್ತದೆ.

ಒಟ್ಟು ಶಾಖ ಎಷ್ಟೆಂಬುದನ್ನು ಅಂದಾಜು ಮಾಡೋಣ. ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುತ್ತ, ಲೀಟರಿಗೆ 10 ಕಿಲೋಮೀಟರ್ ಕೊಡುತ್ತದೆಂದು ಭಾವಿಸಿ. ಗಂಟೆಗೆ 8 ಲೀಟರ್ ಪೆಟ್ರೋಲ್ ಉರಿಯುತ್ತದೆ. ಒಂದು ಲೀಟರಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದೆ. ಲೆಕ್ಕ ಹಾಕಿದರೆ ಸುಮಾರು 71 ಕಿಲೋವಾಟ್ ಆಗುತ್ತದೆ. ಇದರ ಕಾಲುಭಾಗ ಮಾತ್ರ ಚಕ್ರಗಳ ಕಡೆಗೆ ಹೋಯಿತೆಂದರೂ ಮಿಕ್ಕ 53 ಕಿಲೋವಾಟ್ ಬರಿಯ ಶಾಖ. ಬಚ್ಚಲುಮನೆಯ ಎರಡು ಕಿಲೋವಾಟಿನ ಗೀಜರುಗಳನ್ನು ಇಪ್ಪತ್ತಾರು ಒಟ್ಟಿಗೆ ಹಾಕಿದಷ್ಟು! ಇದರ ಹೆಚ್ಚಿನ ಪಾಲು ಹೊಗೆಕೊಳವೆಯ ಮೂಲಕವೂ ರೇಡಿಯೇಟರಿನ ಮೂಲಕವೂ ಹೊರಬೀಳುತ್ತದೆ. ಸ್ವಲ್ಪ ಪಾಲು ಎಂಜಿನ್ ಕೋಣೆಯಲ್ಲೇ ಸುಳಿದಾಡಿ ಕಾರ್ಬ್ಯುರೇಟರನ್ನೂ, ಉಕ್ಕಿನ ಅಡ್ಡಗೋಡೆಯಾಚೆ ಕುಳಿತವರ ಪಾದಗಳನ್ನೂ ಕಾಯಿಸುತ್ತದೆ. ಹೊಗೆಕೊಳವೆ ಎಡಗಡೆ ಇರುವುದರಿಂದ ಇಂಗ್ಲೆಂಡಿನಲ್ಲಿ ಪಕ್ಕದವನ ಕಾಲು ಸುಡುತ್ತದೆ, ಎಡಕ್ಕೆ ಸ್ಟಿಯರಿಂಗ್ ಇರುವ ಅಮೆರಿಕದಲ್ಲಿ ಚಾಲಕನ ಕಾಲೇ ಸುಡುತ್ತದೆ.

ಶಾಖವು ವಹನ, ಸಂವಹನ, ವಿಕಿರಣ ಎಂಬ ಮೂರು ಮಾರ್ಗಗಳಿಂದ ಸಾಗುತ್ತದೆಂಬುದು ಹೈಸ್ಕೂಲಿನ ಪಾಠ. ಈ ಮೂರನ್ನೂ ತಡೆಯಬಲ್ಲ ಒಂದೇ ವಸ್ತುವಿಲ್ಲವೆಂಬುದನ್ನು ಮಾತ್ರ ಪಾಠದಲ್ಲಿ ಒತ್ತಿ ಹೇಳುವುದು ಕಡಿಮೆ. ಹೊಳೆಯುವ ತಗಡು ವಿಕಿರಣಕ್ಕೆ ಶತ್ರು, ವಹನಕ್ಕೆ ಮಿತ್ರ. ಗಾಜಿನ ಉಣ್ಣೆ ವಹನಕ್ಕೆ ಶತ್ರು, ಆದರೆ ಅದರ ಮಾಸಲು ಮೈ ವಿಕಿರಣವನ್ನು ಚೆನ್ನಾಗಿ ಹೀರುತ್ತದೆ.

ಕವಲುಕೊಳವೆಯಂಥ ಅತಿ ಬಿಸಿಯಾದ ವಸ್ತುವಿನ ಎದುರಿನಲ್ಲಿ ಮುಖ್ಯವಾದುದು ವಿಕಿರಣ. ಸ್ಟೆಫಾನ್ 1879ರಲ್ಲಿ ಪ್ರಯೋಗಗಳಿಂದ ಊಹಿಸಿ, ಬೋಲ್ಟ್ಸ್‌ಮನ್ 1884ರಲ್ಲಿ ಸಿದ್ಧಾಂತದಿಂದ ಸಾಧಿಸಿದ ನಿಯಮದಂತೆ, ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಕವಲುಕೊಳವೆಯ ಮೈ 400 ಡಿಗ್ರಿ ಸೆಲ್ಸಿಯಸ್, ಎಂದರೆ 673 ಕೆಲ್ವಿನ್ ಇದೆಯೆಂದುಕೊಳ್ಳಿ. ಅದು ಸಂಪೂರ್ಣ ಕಪ್ಪು ವಸ್ತುವಾಗಿದ್ದರೆ ಚದರ ಮೀಟರಿಗೆ ಸುಮಾರು 11,600 ವಾಟ್ ಹೊರಚೆಲ್ಲುತ್ತಿತ್ತು. ತುಕ್ಕು ಹಿಡಿದ ಕಬ್ಬಿಣ ಇದರ ಮುಕ್ಕಾಲಿನಷ್ಟನ್ನಾದರೂ ಚೆಲ್ಲುತ್ತದೆ. 60 ಡಿಗ್ರಿಯ ವಸ್ತುವಿನಿಂದ ಬರುವುದು 700 ವಾಟ್ ಮಾತ್ರ.

ಮೈಯ ಗುಣ ಎಷ್ಟು ಮುಖ್ಯವೆಂಬುದನ್ನು ಜಾನ್ ಲೆಸ್ಲಿ 1804ರಲ್ಲಿಯೇ ತೋರಿಸಿದ್ದನು. ಬಿಸಿನೀರು ತುಂಬಿದ ಲೋಹದ ಘನಾಕೃತಿಯ ಡಬ್ಬ; ಒಂದು ಮಗ್ಗುಲು ಕಪ್ಪು, ಒಂದು ಮಗ್ಗುಲು ಹೊಳಪು. ಒಳಗಿನ ನೀರು ಒಂದೇ ಆದರೂ ಕಪ್ಪು ಮೈಯಿಂದ ಬರುವ ಶಾಖ ಹೊಳಪಿನ ಮೈಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ನಮ್ಮ ಕಾಲೇಜುಗಳ ಬೀರುಗಳಲ್ಲಿ ಇಂದಿಗೂ ಈ ಡಬ್ಬ ಧೂಳು ಹಿಡಿದು ಕುಳಿತಿರುತ್ತದೆ. ವಿದ್ಯಾರ್ಥಿಗಳು ಕೇಳಿ ತೆಗೆಸಬೇಕು. ಆದರ್ಶ ಕಪ್ಪು ವಸ್ತುವಿಗೆ ಹೋಲಿಸಿ ಹೇಳುವ ಉತ್ಸರ್ಜಕತೆ ಎಂಬ ಸಂಖ್ಯೆ ತುಕ್ಕು ಹಿಡಿದ ಕಬ್ಬಿಣಕ್ಕೂ ಬಣ್ಣ ಬಳಿದ ಮೈಗಳಿಗೂ ಸುಮಾರು 0.8, ಉಜ್ಜಿದ ಅಲ್ಯುಮಿನಿಯಮಿಗೆ ಸುಮಾರು 0.05.

ಈಗ ಎರಡು ಮೈಗಳ ನಡುವೆ, ಯಾವುದನ್ನೂ ಮುಟ್ಟದಂತೆ, ಹೊಳೆಯುವ ಅಲ್ಯುಮಿನಿಯಮ್ ತಗಡೊಂದನ್ನು ನಿಲ್ಲಿಸಿದರೆ ಏನಾಗುವುದು? ಎರಡು ಮೈಗಳ ಉತ್ಸರ್ಜಕತೆಯೂ 0.8 ಎಂದು ಇಟ್ಟುಕೊಂಡು ಸಮಾಂತರ ತಲಗಳ ಸೂತ್ರದಿಂದ ಲೆಕ್ಕ ಮಾಡಿದರೆ, ದಾಟುವ ವಿಕಿರಣ ಮೊದಲಿದ್ದುದರ ಇಪ್ಪತ್ತೇಳನೆಯ ಒಂದು ಪಾಲಿಗೆ ಇಳಿಯುತ್ತದೆ. ಕಾಗದದಷ್ಟು ತೆಳುವಾದ ತಗಡಿನಿಂದ! ಆದರೆ ಅದೇ ತಗಡಿನ ಮೇಲೆ ಎಣ್ಣೆಯೂ ಧೂಳೂ ಕುಳಿತು ಉತ್ಸರ್ಜಕತೆ 0.3ಕ್ಕೆ ಏರಿತೆನ್ನಿ, ಆಗ ವಿಕಿರಣ ಐದನೆಯ ಒಂದು ಪಾಲಿಗೆ ಮಾತ್ರ ಇಳಿದೀತು. ಎಂಜಿನ್ ಕೋಣೆಯ ತಗಡನ್ನು ಒರೆಸುವುದು ಅಲಂಕಾರಕ್ಕಲ್ಲ. ಇನ್ನೊಂದು ಮಾತು: ಹೊಳಪಿನ ಮುಖದ ಎದುರಿಗೆ ಗಾಳಿಯ ತೆರವು ಇರಲೇಬೇಕು. ಬಿಸಿಯಾದ ಲೋಹಕ್ಕೆ ಒತ್ತಿ ಅಂಟಿಸಿದ ಹಾಳೆಗೆ ಹೊಳಪಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಶಾಖ ವಹನದಿಂದ ನೇರವಾಗಿ ನಡೆದು ಹೋಗುತ್ತದೆ.

ಅಡ್ಡಗೋಡೆಯ ವಿಷಯ ಬೇರೆ. ಅಲ್ಲಿ ತೆಳುವಾದ ಉಕ್ಕಿನ ತಗಡಿದೆ. ಅದರ ಆಚೆ ಪ್ರಯಾಣಿಕರು. ತಗಡಿಗೆ ಆರು ಮಿಲಿಮೀಟರ್ ದಪ್ಪದ, ಗಾಳಿಗುಳ್ಳೆಗಳು ತುಂಬಿದ ನೊರೆಹಾಳೆಯನ್ನು ಅಂಟಿಸಿದೆವೆನ್ನಿ. ಒಂದು ಮಿಲಿಮೀಟರ್ ಉಕ್ಕಿಗೆ ಹೋಲಿಸಿದರೆ ಈ ಹಾಳೆ ಶಾಖದ ವಹನವನ್ನು 7,500 ಪಟ್ಟು ಹೆಚ್ಚು ತಡೆಯುತ್ತದೆ. ಮಾರುವವರು ಈ ಸಂಖ್ಯೆಯನ್ನು ಕೇಳಿದರೆ ಹಿಗ್ಗಿಯಾರು. ಆದರೆ ಒಳಬರುವ ಶಾಖ 7,500 ಪಟ್ಟು ಕಡಿಮೆಯಾಗುವುದೆ? ಇಲ್ಲ, ಅರ್ಧಕ್ಕೂ ಇಳಿಯುವುದಿಲ್ಲ!

ಕಾರಣವಿದು. ಲೋಹದ ಎರಡು ಕಡೆಯಲ್ಲೂ ಅದಕ್ಕೆ ಅಂಟಿಕೊಂಡಂತೆ ಗಾಳಿಯ ತೆಳುವಾದ ಪದರವೊಂದಿರುತ್ತದೆ. ಬರಿಯ ಉಕ್ಕಿದ್ದಾಗಲೂ ಶಾಖವನ್ನು ತಡೆಯುತ್ತಿದ್ದುದು ಉಕ್ಕಲ್ಲ, ಈ ಎರಡು ಗಾಳಿಪದರಗಳೇ. ತಕ್ಕ ಮಾನದಲ್ಲಿ ಇವುಗಳ ತಡೆ ಒಂದೊಂದಕ್ಕೆ ಸುಮಾರು 0.1, ಎರಡೂ ಸೇರಿ 0.2. ನೊರೆಹಾಳೆ ಸೇರಿಸುವುದು 0.15. ಎರಡು ಕಡೆಗೂ 40 ಡಿಗ್ರಿ ಅಂತರವಿದ್ದರೆ ಬರಿಯ ತಗಡಿನ ಮೂಲಕ ಚದರ ಮೀಟರಿಗೆ 200 ವಾಟ್ ಬರುತ್ತಿದ್ದುದು ಈಗ 114 ಆಗುತ್ತದೆ. ಹಾಳೆಯನ್ನು 12 ಮಿಲಿಮೀಟರಿಗೆ ಹೆಚ್ಚಿಸಿದರೆ 80. ಮೊದಲ ಆರು ಮಿಲಿಮೀಟರ್ 86 ವಾಟ್ ಉಳಿಸಿತು, ಎರಡನೆಯ ಆರು ಮಿಲಿಮೀಟರ್ 34 ಮಾತ್ರ. ದಪ್ಪ ಕಂಬಳಿಯ ಮೇಲೆ ಇನ್ನೊಂದು ಕಂಬಳಿ ಹೊದೆದವರಿಗೆ ಇದು ಅನುಭವದಿಂದ ಗೊತ್ತು. ಎಂಜಿನ್ ಕೋಣೆಯಲ್ಲಿ ಜಾಗ ಚಿನ್ನದಷ್ಟು ದುಬಾರಿಯಾದುದರಿಂದ ಆರೇಳು ಮಿಲಿಮೀಟರಿಗೇ ನಿಲ್ಲುವುದು ಜಾಣತನ.

ಹಾಳೆಯೊಳಗೆ ನಿಜವಾಗಿ ಕೆಲಸ ಮಾಡುವುದು ಸೆರೆಸಿಕ್ಕ ಗಾಳಿ. ಬೂದಿ ಮುಚ್ಚಿದ ಕೆಂಡ ಬೆಳಗಿನವರೆಗೂ ಆರದಿರುವುದಕ್ಕೆ ಬೂದಿಯ ಕಣಗಳ ನಡುವಣ ಗಾಳಿಯೂ ಒಂದು ಕಾರಣ. ಹಾಳೆಯನ್ನು ಒತ್ತಿ ಹಿಂಡಿದರೆ ಗಾಳಿ ಹೋಯಿತು. ನೀರು ನೆನೆದರೆ ಗಾಳಿಯ ಜಾಗಕ್ಕೆ ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಒಯ್ಯುವ ನೀರು ಬಂತು. ಎಣ್ಣೆ ಅಥವಾ ಪೆಟ್ರೋಲು ನೆನೆದರಂತೂ ಹಾಳೆಯು ದೀಪದ ಬತ್ತಿಯೇ ಆಗುತ್ತದೆ. ಆದುದರಿಂದ ಎಂಜಿನ್ ಕೋಣೆಯಲ್ಲಿ ದ್ರವ ಹೀರದ, ಮುಚ್ಚಿದ ಗುಳ್ಳೆಗಳ ನೊರೆಯೇ ಆಗಬೇಕು. ಉರಿ ಹತ್ತದ ಗುಣವುಳ್ಳದ್ದೆಂದು ಪರೀಕ್ಷಿಸಿದ ಸರಕಾಗಿರಬೇಕು. ಕತ್ತರಿಸಿದ ಅಂಚುಗಳನ್ನು ಅಲ್ಯುಮಿನಿಯಮ್ ಪಟ್ಟಿಯಿಂದ ಮುಚ್ಚಬೇಕು. ಸೋಫಾದ ಮೆತ್ತೆಯ ಸ್ಪಂಜನ್ನು ಕತ್ತರಿಸಿ ಅಂಟಿಸುವುದು ಬೆಂಕಿಗೆ ಆಹ್ವಾನ.

ಕೊಳವೆಗಳಿಗೆ ಹೊದಿಕೆ ಹಾಕುವಲ್ಲಿ ಒಂದು ವಿಚಿತ್ರವಿದೆ. ಪೆಟ್ರೋಲು ಸಾಗುವ, ಎಂಟು ಮಿಲಿಮೀಟರ್ ವ್ಯಾಸದ ಲೋಹದ ಕೊಳವೆಗೆ ಮೂರು ಮಿಲಿಮೀಟರ್ ದಪ್ಪದ ರಬ್ಬರಿನ ತೊಡಿಗೆ ಹಾಕಿದರೆ, ಬಿಸಿಗಾಳಿಯಿಂದ ಪೆಟ್ರೋಲಿಗೆ ಸೇರುವ ಶಾಖ ಕಡಿಮೆಯಾಗುವುದರ ಬದಲು ಸುಮಾರು ಶೇಕಡ 40ರಷ್ಟು ಹೆಚ್ಚಬಹುದು! ಚಪ್ಪಟೆ ಗೋಡೆಗೆ ಹಾಳೆ ಅಂಟಿಸಿದರೆ ಗಾಳಿಗೆ ಒಡ್ಡಿದ ಕ್ಷೇತ್ರ ಬದಲಾಗುವುದಿಲ್ಲ. ಸಣ್ಣ ಕೊಳವೆಗೆ ಹೊದಿಕೆ ಹಾಕಿದರೆ ಹೊರಮೈ ಬೆಳೆಯುತ್ತದೆ. ರಬ್ಬರು ತಡೆಯುವುದಕ್ಕಿಂತ ದೊಡ್ಡದಾದ ಮೈ ಹೆಚ್ಚು ಶಾಖವನ್ನು ಬಾಚಿಕೊಳ್ಳುತ್ತದೆ. ಹೊದಿಕೆಯ ಉಷ್ಣವಾಹಕತೆಯನ್ನು ಹೊರಮೈಯ ಶಾಖಗ್ರಹಣದ ಗುಣಕದಿಂದ ಭಾಗಿಸಿದರೆ ಬರುವ ಉದ್ದಕ್ಕೆ ಸಂದಿಗ್ಧ ತ್ರಿಜ್ಯವೆಂದು ಹೆಸರು. ರಬ್ಬರಿಗೆ ಅದು ನಮ್ಮ ಸಂದರ್ಭದಲ್ಲಿ ಸುಮಾರು 16 ಮಿಲಿಮೀಟರ್. ಹೊದಿಕೆಯ ಹೊರತ್ರಿಜ್ಯ ಅಷ್ಟಾಗುವವರೆಗೂ ದಪ್ಪ ಹೆಚ್ಚಿಸಿದಷ್ಟೂ ನಷ್ಟ. ಗಾಜಿನ ನೂಲಿನ ಹೊದಿಕೆಗಾದರೆ ನಾಲ್ಕೇ ಮಿಲಿಮೀಟರ್. ಅದರ ಮೇಲೆ ಹೊಳಪಿನ ತಗಡಿದ್ದರೆ ಇನ್ನೂ ಮೇಲು. ಬಿ.ಎಸ್‌ಸಿ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ; ಗಾಳಿಪದರದ ಗುಣಕವನ್ನು 10, ರಬ್ಬರಿನ ವಾಹಕತೆಯನ್ನು 0.16 ಎಂದು ತೆಗೆದುಕೊಂಡರೆ ಸಾಕು.

ಇಷ್ಟು ಹೇಳಿದ ಮೇಲೆ ಕೈಗೆ ಕತ್ತರಿ ತೆಗೆದುಕೊಳ್ಳಬಹುದೆ? ಸ್ವಲ್ಪ ತಾಳಬೇಕು. ಹಳೆಯ ಕಾರಿನಲ್ಲಿ ಹಳೆಯ ತಡೆಯೊಂದು ಈಗಾಗಲೇ ಇರುತ್ತದೆ. ಎಂ.ಜಿ.ಬಿ.ಯಲ್ಲಿ ಕಾರ್ಬ್ಯುರೇಟರಿಗೂ ಕವಲುಕೊಳವೆಗೂ ನಡುವೆ ಉಕ್ಕಿನ ತಗಡನ್ನು ಕಾರ್ಖಾನೆಯವರೇ ಇಟ್ಟಿದ್ದರು. ಹಳೆಯ ತಗಡುಗಳ ಮೇಲೆ ಬೂದುಬಣ್ಣದ ಹಾಳೆಯೊಂದಿರುತ್ತದೆ. ಅದು ಕಲ್ನಾರು, ಎಂದರೆ ಆಸ್‌ಬೆಸ್ಟಾಸ್. ಕನ್ನಡದ ಈ ಹೆಸರು ಎಷ್ಟು ಸೊಗಸಾಗಿದೆ! ಕಲ್ಲೇ ನಾರಾಗಿರುವ ಖನಿಜವದು. ಉರಿಯದು, ಕೊಳೆಯದು, ನೇಯಲು ಬಗ್ಗುತ್ತದೆ. ಈ ಗುಣಗಳಿಗೆ ಮರುಳಾಗಿ ಇಪ್ಪತ್ತನೆಯ ಶತಮಾನ ಅದನ್ನು ಬ್ರೇಕಿನಲ್ಲಿ, ಕ್ಲಚ್ಚಿನಲ್ಲಿ, ಗ್ಯಾಸ್ಕೆಟ್ಟಿನಲ್ಲಿ, ಮನೆಯ ಛಾವಣಿಯಲ್ಲಿ ಎಲ್ಲೆಂದರಲ್ಲಿ ಬಳಸಿತು. ನಾರು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಎಳೆಗಳಾಗಿ ಸೀಳುತ್ತ ಹೋಗುತ್ತದೆ. ಉಸಿರಿನೊಡನೆ ಶ್ವಾಸಕೋಶಕ್ಕಿಳಿದ ಎಳೆಯನ್ನು ದೇಹ ಕರಗಿಸಲಾರದು, ಹೊರದೂಡಲೂ ಆರದು. ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳು ಕಳೆದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಆಗಿಯೋ, ಎದೆಗೂಡಿನ ಒಳಪೊರೆಯನ್ನು ಹಿಡಿಯುವ ಮೀಸೊಥೀಲಿಯೋಮ ಎಂಬ ರೋಗವಾಗಿಯೋ ಅದು ತಲೆಯೆತ್ತಬಹುದು. ಬ್ರಿಟನ್ 1999ರಲ್ಲಿ ಎಲ್ಲ ಬಗೆಯ ಕಲ್ನಾರಿನ ಬಳಕೆಯನ್ನೂ ನಿಷೇಧಿಸಿತು. ಆದರೆ ಅದಕ್ಕೆ ಮೊದಲು ಮಾಡಿದ ಕಾರುಗಳು ಷೆಡ್ಡುಗಳಲ್ಲಿ ಹಾಗೆಯೇ ಇವೆ.

ರವಿವಾರದ ಬೆಳಗ್ಗೆ ತಂತಿಯ ಬ್ರಷ್ಷಿನಿಂದ ಆ ಬೂದುಹಾಳೆಯನ್ನು ಕೆರೆಯಲು ಕುಳಿತ ಹವ್ಯಾಸಿಗೆ ಏನೂ ನೋಯುವುದಿಲ್ಲ, ಕೆಮ್ಮೂ ಬಾರದು. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತ ಅವನ ಮಗನಿಗೂ ಏನೂ ಅನಿಸುವುದಿಲ್ಲ. ಅಪಾಯದ ಭಯಂಕರತೆ ಇರುವುದೇ ಇಲ್ಲಿ. ಆದುದರಿಂದ ಹಳೆಯ ಹಾಳೆಯನ್ನು ಒಣಗಿದ್ದಂತೆ ಕೆರೆಯಕೂಡದು, ಉಜ್ಜಕೂಡದು, ಕೊರೆಯಕೂಡದು, ಗಾಳಿಯಿಂದ ಊದಕೂಡದು. ಇಡೀ ತಗಡನ್ನು ನೀರಿನಿಂದ ನೆನೆಸಿ, ಹಾಗೆಯೇ ಬಿಚ್ಚಿ, ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಇಂಥ ಕಸವನ್ನು ಕೊಂಡೊಯ್ಯಲು ಅಧಿಕಾರ ಪಡೆದವರಿಗೆ ಒಪ್ಪಿಸಬೇಕು. ಹಾಳೆಯನ್ನು ತೆಗೆದು ತಗಡನ್ನು ಉಳಿಸಿಕೊಳ್ಳುವ ಆಸೆ ಬೇಡ. ಕಲ್ನಾರಿಲ್ಲದ ಹೊಸ ತಗಡುಗಳು ದೊರೆಯುತ್ತವೆ. ನಮ್ಮಲ್ಲಿ ಆಸ್‌ಬೆಸ್ಟಾಸ್ ಶೀಟಿನ ಛಾವಣಿ ಇರುವ ಮನೆಗಳು ಕಡಿಮೆಯಿಲ್ಲವಾದುದರಿಂದ, ಶೀಟನ್ನು ಕೊರೆಯುವವರಿಗೂ ಒಡೆಯುವವರಿಗೂ ಇದೇ ಮಾತು ಸಲ್ಲುತ್ತದೆ. ಕಲ್ನಾರಿನ ಸ್ಥಾನಕ್ಕೆ ಬಂದಿರುವ ಗಾಜಿನ ಹಾಗೂ ಸೆರಾಮಿಕ್ ನಾರುಗಳನ್ನು ಕತ್ತರಿಸುವಾಗ ಕೂಡ ಒಳ್ಳೆಯ ಮುಸುಕು, ಕೈಗವಸು, ತೋಳಿರುವ ಅಂಗಿ ಅವಶ್ಯ.

ಇನ್ನು ಕೆಲಸ. ಮೊದಲು ಬ್ಯಾಟರಿಯ ತಂತಿ ಕಳಚಬೇಕು (ಹಳೆಯ ಎಂ.ಜಿ.ಬಿ.ಗಳಲ್ಲಿ ಆರಾರು ವೋಲ್ಟಿನ ಎರಡು ಬ್ಯಾಟರಿಗಳು ಆಸನದ ಹಿಂದೆ ಅಡಗಿರುತ್ತವೆ). ಅಡ್ಡಗೋಡೆಯ ಎಣ್ಣೆ ಜಿಡ್ಡನ್ನು ಪೂರ್ತಿಯಾಗಿ ತೊಳೆದು ಒಣಗಿಸಬೇಕು. ಜಿಡ್ಡಿನ ಮೇಲೆ ಯಾವ ಗೋಂದೂ ನಿಲ್ಲದು. ತುಕ್ಕಿದ್ದರೆ ಈಗಲೇ ತೆಗೆದು ಬಣ್ಣ ಹಚ್ಚಬೇಕು. ತುಕ್ಕಿನ ಮೇಲೆ ಹಾಳೆ ಅಂಟಿಸಿದರೆ ಅದು ಕತ್ತಲೆಯಲ್ಲಿ ನೆಮ್ಮದಿಯಾಗಿ ಬೆಳೆಯುತ್ತದೆ. ಆಮೇಲೆ ರಟ್ಟಿನಲ್ಲಿ ಮಾದರಿ ಕತ್ತರಿಸಿ, ತಂತಿಗಳಿಗೂ ಸ್ಟಿಯರಿಂಗ್ ದಂಡಕ್ಕೂ ಜಾಗ ಬಿಟ್ಟು, ಎರಡು ಮೂರು ಸಲ ಹೊಂದಿಸಿ ನೋಡಿ, ಅನಂತರವೇ ಹಾಳೆಯನ್ನು ಕತ್ತರಿಸಬೇಕು. ರಟ್ಟು ಅಗ್ಗ, ಹಾಳೆ ದುಬಾರಿ. ಅಡ್ಡಗೋಡೆಯಲ್ಲಿ ತಂತಿಗಳು ನುಸುಳುವ ರಂಧ್ರಗಳ ರಬ್ಬರ್ ಬಿರಡೆಗಳು ಐವತ್ತು ವರ್ಷಗಳಲ್ಲಿ ಒಡೆದು ಹೋಗಿರುತ್ತವೆ. ಅವನ್ನು ಬದಲಿಸದೆ ಅಂಟಿಸಿದ ಹಾಳೆಯಿಂದ ಪ್ರಯೋಜನ ಅಲ್ಪ. ಹೆಬ್ಬೆರಳಿನಷ್ಟು ತೂತಿನಿಂದ ನುಗ್ಗುವ ಬಿಸಿಗಾಳಿ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ. ಸದ್ದೂ ಇದೇ ತೂತುಗಳಿಂದ ಬರುತ್ತದೆ. ಸದ್ದನ್ನು ತಡೆಯುವುದಕ್ಕೆ ಹಗುರವಾದ ನೊರೆಗಿಂತ ಭಾರವಾದ ಡಾಂಬರು ಹಾಳೆ ಮೇಲು. ಅದನ್ನು ಅಡ್ಡಗೋಡೆಯ ಒಳಬದಿಗೆ, ಪ್ರಯಾಣಿಕರ ಕಡೆಗೆ ಹಾಕುವುದು ರೂಢಿ.

ಹೊಗೆಕೊಳವೆಗೇ ಗಾಜಿನ ನೂಲಿನ ಪಟ್ಟಿ ಸುತ್ತುವವರೂ ಇದ್ದಾರೆ. ಶಾಖವನ್ನು ಹುಟ್ಟಿದ ಕಡೆಯಲ್ಲೇ ಕಟ್ಟಿಹಾಕುವ ಈ ಉಪಾಯ ತರ್ಕಬದ್ಧವಾದರೂ ನನಗೆ ಅಷ್ಟಾಗಿ ಹಿಡಿಸದು. ಕಟ್ಟಿಹಾಕಿದ ಶಾಖದಿಂದ ಲೋಹ ಇನ್ನಷ್ಟು ಕಾಯುತ್ತದೆ. ಮಳೆಯ ನೀರನ್ನು ಹಿಡಿದಿಟ್ಟ ಪಟ್ಟಿಯ ಕೆಳಗೆ ಉಕ್ಕಿನ ಕೊಳವೆ ಬೇಗ ತುಕ್ಕು ತಿನ್ನುತ್ತದೆ. ಎರಕದ ಕಬ್ಬಿಣ ಬಿರುಕು ಬಿಡುವ ಭಯವೂ ಉಂಟು. ತೆರವು ಬಿಟ್ಟು ನಿಲ್ಲಿಸಿದ ತಗಡು ನಿಧಾನಿಯಾದ ನಂಬಿಕಸ್ಥ ಆಳು.

ಬಾನೆಟ್ಟಿನ ಒಳಮೈಗೂ ಹಾಳೆ ಅಂಟಿಸಬೇಕೆ? ಅಂಟಿಸಿದರೆ ಬಾನೆಟ್ಟಿನ ಬಣ್ಣ ಉಳಿದೀತು, ಸದ್ದು ಇಳಿದೀತು. ಆದರೆ ನಿಂತ ಕಾರಿನಲ್ಲಿ ಶಾಖ ಹೊರಹೋಗುವ ದೊಡ್ಡ ಬಾಗಿಲೇ ಆ ತೆಳುವಾದ ತಗಡು. ಅದನ್ನು ಮುಚ್ಚಿದರೆ ಕಾರ್ಬ್ಯುರೇಟರಿಗೆ ಕಂಟಕ. ಅವಾಹಕವು ಶಾಖವನ್ನು ನುಂಗುವುದಿಲ್ಲ, ದಾರಿ ಬದಲಿಸುತ್ತದೆ ಅಷ್ಟೆ. ಒಂದು ಕಡೆ ತಡೆದ ಶಾಖಕ್ಕೆ ಇನ್ನೊಂದು ಕಡೆ ದಾರಿ ಬಿಡಬೇಕು. ಬೇಸಗೆಯಲ್ಲಿ ಕಾರು ನಿಲ್ಲಿಸಿದಾಗ ಹತ್ತು ನಿಮಿಷ ಬಾನೆಟ್ ಎತ್ತಿಡುವುದಕ್ಕೆ ಕಾಸೂ ಖರ್ಚಿಲ್ಲ. ನಮ್ಮ ಅಂಬಾಸಡರಿನ ಚಾಲಕನೂ ಅದನ್ನೇ ಮಾಡುತ್ತಿದ್ದನು.

ಕೆಲಸ ಫಲಿಸಿತೇ ಎಂಬುದನ್ನು ಅಳೆದೇ ತಿಳಿಯಬೇಕು. ಹಾಳೆ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ, ಅದೇ ದಾರಿಯಲ್ಲಿ ಅಷ್ಟೇ ದೂರ ಓಡಿಸಿ, ನಿಲ್ಲಿಸಿದ ಮೇಲೆ ಐದೈದು ನಿಮಿಷಕ್ಕೆ ಕಾರ್ಬ್ಯುರೇಟರಿನ ಬಟ್ಟಲಿನ ಉಷ್ಣತೆಯನ್ನೂ ಹೊರಗಿನ ಗಾಳಿಯ ಉಷ್ಣತೆಯನ್ನೂ ಬರೆದಿಟ್ಟರೆ ಸಾಕು. ಇದಕ್ಕೆ ತಂತಿಯ ತುದಿಯಲ್ಲಿ ಅಳೆಯುವ ಉಷ್ಣಯುಗ್ಮ ಉತ್ತಮ. ಇತ್ತೀಚೆಗೆ ಎಲ್ಲರ ಕೈಯಲ್ಲೂ ಕಾಣುವ, ದೂರದಿಂದ ಗುರಿಯಿಟ್ಟು ಅಳೆಯುವ ಅವರಕ್ತ ಉಷ್ಣಮಾಪಕ ಇಲ್ಲಿ ಮೋಸ ಮಾಡುತ್ತದೆ. ಅದು ಅಳೆಯುವುದು ವಿಕಿರಣವನ್ನು. ಮೈಯ ಉತ್ಸರ್ಜಕತೆ 0.95ರ ಸುಮಾರು ಇದೆಯೆಂದು ಭಾವಿಸಿಕೊಂಡು ಉಷ್ಣತೆಯನ್ನು ಹೇಳುತ್ತದೆ. ಹೊಳೆಯುವ ತಗಡಿಗೆ ಗುರಿಯಿಟ್ಟರೆ ಅದಕ್ಕೆ ಕಾಣುವುದು ತಗಡಿನದಕ್ಕಿಂತ ಹೆಚ್ಚಾಗಿ ಅದರಲ್ಲಿ ಪ್ರತಿಫಲಿಸಿದ ಸುತ್ತಣ ವಸ್ತುಗಳ ವಿಕಿರಣ. ಮುಟ್ಟಿದರೆ ಬೊಬ್ಬೆ ಏಳುವ ತಗಡನ್ನು ಅದು 45 ಡಿಗ್ರಿ ಎಂದು ಸಾರಿದರೂ ಆಶ್ಚರ್ಯವಿಲ್ಲ. ತಗಡಿನ ಮೇಲೆ ಅಂಗುಲದಷ್ಟು ಅಗಲಕ್ಕೆ ಶಾಖ ತಡೆಯುವ ಮಾಸಲು ಕಪ್ಪು ಬಣ್ಣ ಬಳಿದು, ಆ ಜಾಗಕ್ಕೇ ಗುರಿಯಿಟ್ಟು ಓದಿದರೆ ಸರಿಯಾದ ಸಂಖ್ಯೆ ದೊರೆಯುತ್ತದೆ.